ವಸ್ತುಸಂಗ್ರಹಾಲಯದ ಪ್ರೇಕ್ಷಕ ಯಾರು?

ಕಾವ್ಯವಿಮರ್ಶೆಯಲ್ಲಿ ಸಹೃದಯನಿಗೆ ಇರುವ ಸ್ಥಾನವನ್ನು ನಾವೆಲ್ಲರೂ ಬಲ್ಲೆವು. ಕವಿಯ ಕೃತಿ ಎಷ್ಟೇ ದೊಡ್ಡದಾಗಿರಲಿ, ಸಹೃದಯನ ಅಂತರಂಗದಲ್ಲಿ ಅದು ಮತ್ತೊಮ್ಮೆ ಹುಟ್ಟಿದ ಹೊರತು ಪೂರ್ಣವಾಗುವುದಿಲ್ಲವೆಂಬುದು ನಮ್ಮ ಆಲಂಕಾರಿಕರ ಮತ. ವಸ್ತುಸಂಗ್ರಹಾಲಯದ ಪ್ರದರ್ಶನವೂ ಒಂದು ಕೃತಿಯೇ ಸರಿ. ಅದಕ್ಕೊಬ್ಬ ಕರ್ತೃವುಂಟು, ಒಂದು ಭಾಷೆಯುಂಟು, ಒಂದು ವಸ್ತುವಿನ ಪಕ್ಕದಲ್ಲಿ ಇನ್ನೊಂದನ್ನು ಇರಿಸಿ ಅರ್ಥವನ್ನು ಕಟ್ಟುವ ಅನ್ವಯಕ್ರಮವೂ ಉಂಟು. ಹಾಗಿರುವಾಗ ಅದಕ್ಕೊಬ್ಬ ಉದ್ದಿಷ್ಟ ಪ್ರೇಕ್ಷಕನೂ ಇರಲೇಬೇಕಲ್ಲವೆ? ಆದರೆ ನಮ್ಮಲ್ಲಿ ಸಂಗ್ರಹಾಲಯಗಳನ್ನು ಕುರಿತು ಬಂದಿರುವ ಬರಹ ಬಹುಮಟ್ಟಿಗೆ ವಸ್ತುಗಳನ್ನು ಕುರಿತದ್ದು. ಅವುಗಳ ಕಾಲ, ಶೈಲಿ, ದೊರೆತ ಸ್ಥಳ ಇವುಗಳ ನಿರ್ಣಯದಲ್ಲಿ ನಮ್ಮ ವಿದ್ವಾಂಸರು ಪಟ್ಟಿರುವ ಶ್ರಮ ಸಾಮಾನ್ಯವಾದುದಲ್ಲ. ಆ ವಸ್ತುವಿನ ಎದುರಿಗೆ ಬಂದು ನಿಲ್ಲುವವನು ಯಾರು, ಅವನಿಗೆ ಅಲ್ಲಿ ದೊರೆಯುವುದೇನು ಎಂಬ ಪ್ರಶ್ನೆ ಮಾತ್ರ ಕಾವಲುಗಾರನಿಗೂ ಕಟ್ಟಡದ ಇಂಜಿನಿಯರಿಗೂ ಬಿಟ್ಟದ್ದೆಂಬಂತೆ ಹಿಂದುಳಿದಿದೆ. ಆ ಪ್ರಶ್ನೆ ವಿಮರ್ಶೆಗೂ ಸೇರಿದ್ದೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಪ್ರದರ್ಶನವೊಂದನ್ನು ಕಣ್ಣಿಟ್ಟು ನೋಡಿದರೆ ಅದರ ಕರ್ತೃವಿನ ಮನಸ್ಸಿನಲ್ಲಿದ್ದ ಪ್ರೇಕ್ಷಕನ ಆಕಾರವನ್ನು ಊಹಿಸುವುದು ಕಷ್ಟವಲ್ಲ. ನಮ್ಮ ಬಹುಪಾಲು ಸಂಗ್ರಹಾಲಯಗಳ ಉದ್ದಿಷ್ಟ ಪ್ರೇಕ್ಷಕ ನೆಟ್ಟಗೆ ನಿಲ್ಲಬಲ್ಲವನು, ಐದೂವರೆ ಅಡಿ ಎತ್ತರದವನು, ದೃಷ್ಟಿ ತೀಕ್ಷ್ಣವಾಗಿರುವವನು, ಇಂಗ್ಲಿಷನ್ನೋ ಗ್ರಂಥಸ್ಥ ಕನ್ನಡವನ್ನೋ ನಿರಾಯಾಸವಾಗಿ ಓದಬಲ್ಲವನು, ಎಲ್ಲಕ್ಕಿಂತ ಮುಖ್ಯವಾಗಿ, ಗಂಗರು ಯಾರು, ರಾಷ್ಟ್ರಕೂಟರು ಯಾರು ಎಂಬುದನ್ನು ಮನೆಯಿಂದಲೇ ತಿಳಿದು ಬಂದಿರುವವನು. ಸ್ಪಷ್ಟವಾಗಿ ಹೇಳುವುದಾದರೆ ಆ ಪ್ರೇಕ್ಷಕ ಸಂಗ್ರಹಾಲಯಾಧಿಕಾರಿಯ ಪ್ರತಿಬಿಂಬ. ಆದರೆ ಬಾಗಿಲಿನಿಂದ ಒಳಗೆ ಬರುವವರು ಯಾರು? ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಪ್ರವಾಸ ಹೊರಟ ಶಾಲಾ ಮಕ್ಕಳು, ಜಾತ್ರೆಗೋ ಆಸ್ಪತ್ರೆಗೋ ನಗರಕ್ಕೆ ಬಂದ ಹಳ್ಳಿಯ ಕುಟುಂಬಗಳು, ಮಂಡಿನೋವಿನ ವೃದ್ಧರು, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ತಾಯಂದಿರು. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇಕಡ 75ಕ್ಕೆ ತುಸು ಮೇಲೆ. ಅಂಗವೈಕಲ್ಯವುಳ್ಳವರೆಂದು ಲೆಕ್ಕಕ್ಕೆ ಬಂದವರು ಹದಿಮೂರು ಲಕ್ಷಕ್ಕೂ ಹೆಚ್ಚು. ಈ ಜನರನ್ನೆಲ್ಲ ಕಳೆದ ಮೇಲೆ ಉಳಿಯುವ ಆ ಒಬ್ಬ ಆದರ್ಶಪ್ರೇಕ್ಷಕನಿಗಾಗಿ ಇಷ್ಟು ದೊಡ್ಡ ಕಟ್ಟಡಗಳನ್ನು ಎತ್ತಿದೆವೇ ಎಂಬುದು ಸುಮ್ಮನೆ ಕೇಳಿ ಬಿಡುವ ಪ್ರಶ್ನೆಯಲ್ಲ.

ಜನರು ಈ ಸಂಸ್ಥೆಗಳಿಗೆ ಕೊಟ್ಟ ಹೆಸರುಗಳು ಇಲ್ಲಿ ಗಮನಾರ್ಹ. 1814ರಲ್ಲಿ ಸ್ಥಾಪಿತವಾದ ಕಲಕತ್ತೆಯ ಸಂಗ್ರಹಾಲಯವನ್ನು ಬಂಗಾಳಿಗಳು 'ಜಾದುಘರ್' ಎಂದು ಕರೆದರು. 1851ರಲ್ಲಿ ಆರಂಭವಾದ ಮದರಾಸಿನ ಸಂಗ್ರಹಾಲಯಕ್ಕೆ ಅಲ್ಲಿನ ಸಾಮಾನ್ಯರು ಇಟ್ಟ ಹೆಸರು 'ಸತ್ತ ಕಾಲೇಜು'. ಮೃಗಾಲಯಕ್ಕೆ 'ಜೀವದ ಕಾಲೇಜು'. ಈ ಹೆಸರುಗಳಲ್ಲಿ ತಿಳಿಹಾಸ್ಯವೂ ಉಂಟು, ಸರಿಯಾದ ವಿಮರ್ಶೆಯೂ ಉಂಟು. ಮದರಾಸಿನ ಸಂಗ್ರಹಾಲಯದ ಮೊದಲ ಅಧಿಕಾರಿ ಎಡ್ವರ್ಡ್ ಬಾಲ್ಫರ್, ಅಲ್ಲಿ ಇರಿಸಿದ್ದ ಜೀವಂತ ಹುಲಿ ಚಿರತೆಗಳನ್ನು ನೋಡಲು ಜನ ಮುಗಿಬೀಳುತ್ತಿದ್ದುದನ್ನು ಕಂಡೇ ಸಂಗ್ರಹಾಲಯದ ಆವರಣದಲ್ಲಿ ಪ್ರಾಣಿಶಾಲೆಯನ್ನು ತೆರೆದನು. ಬೆಂಗಳೂರಿನಲ್ಲಿ 1865ರಲ್ಲಿ ಸಂಗ್ರಹಾಲಯ ತಲೆಯೆತ್ತಲು ಪ್ರೇರಕನಾದವನೂ ಅವನೇ. ಓದು ಬಾರದ ಜನ ವಸ್ತುಸಂಗ್ರಹಾಲಯಕ್ಕೆ ಬರುವುದಿಲ್ಲವೆಂಬ ಮಾತು ಅಂದೂ ಸುಳ್ಳಾಗಿತ್ತು, ಇಂದೂ ಸುಳ್ಳು. ಅವರು ಬಂದರು, ಬರುತ್ತಿದ್ದಾರೆ. ಸತ್ತ ವಸ್ತುಗಳ ನಡುವೆ ನಡೆದು ಹೊರಗೆ ಹೋಗುತ್ತಿದ್ದಾರೆ.

ಈ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಎಲ್ಲರಿಗೂ ಒದಗುವ ಪ್ರದರ್ಶನವೆಂದರೆ ಅಂಗವಿಕಲರಿಗೆ ತೋರುವ ವಿಶೇಷ ದಯೆ, ಮೆಟ್ಟಿಲ ಪಕ್ಕದಲ್ಲಿ ಕಟ್ಟಿದ ಒಂದು ಇಳಿಜಾರು, ಅಲ್ಲಿಗೆ ಕರ್ತವ್ಯ ಮುಗಿಯಿತು ಎಂಬುದೇ ಆ ತಿಳಿವಳಿಕೆ. ಇಳಿಜಾರು ಬೇಕೇ ಬೇಕು; ಒಂದಡಿ ಏರಿಗೆ ಹನ್ನೆರಡಡಿ ಉದ್ದವಿಲ್ಲದ ಇಳಿಜಾರು ಗಾಲಿಕುರ್ಚಿಯವರಿಗೆ ಅಪಾಯಕರವೆಂಬುದನ್ನೂ ಕಟ್ಟುವವರು ತಿಳಿದಿರಬೇಕು. ಆದರೆ ಪ್ರದರ್ಶನದ ದೋಷಗಳು ದೃಢಕಾಯನಾದ ಪ್ರೇಕ್ಷಕನನ್ನೂ ಬಿಟ್ಟಿಲ್ಲ. ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿ ಸಂಗ್ರಹಾಲಯದ ಆಯಾಸವನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದನು. ಒಳ್ಳೆಯ ದೃಷ್ಟಿಯುಳ್ಳ ಒಬ್ಬ ಮನುಷ್ಯನಿಗೆ ಪ್ರಶ್ನೆಗಳನ್ನು ಕೊಟ್ಟು, ಉತ್ತರವನ್ನು ಗಾಜಿನ ಪೆಟ್ಟಿಗೆಗಳಲ್ಲಿದ್ದ ವಸ್ತುಗಳಿಂದಲೂ ಚೀಟಿಗಳಿಂದಲೂ ಹುಡುಕುವಂತೆ ಹೇಳಿ, ಅವನು ಬಗ್ಗಿ, ಕುಕ್ಕರಿಸಿ, ಕತ್ತು ಹೊರಳಿಸಿ ಪಡುವ ಪಾಡನ್ನೆಲ್ಲ ಛಾಯಾಚಿತ್ರಗಳಲ್ಲಿ ಹಿಡಿದು ತೋರಿಸಿದನು. ನಮ್ಮ ಸಂಗ್ರಹಾಲಯಗಳಲ್ಲಿ ಅರ್ಧ ಗಂಟೆ ಕಳೆದ ಯಾರಿಗೂ ಆ ಭಂಗಿಗಳು ಅಪರಿಚಿತವಲ್ಲ. ಬಲಶಾಲಿಗೆ ಆಯಾಸವಾಗುವ ಸ್ಥಳ ದುರ್ಬಲನಿಗೆ ಅಸಾಧ್ಯವಾಗುತ್ತದೆ. ಎರಡರ ಮೂಲವೂ ಒಂದೇ.

ಇನ್ನು ಪ್ರದರ್ಶನದ ಭಾಷೆಗೆ ಬರೋಣ. ನಮ್ಮ ಅಧ್ಯಾಪಕರು, ವಿದ್ಯಾರ್ಥಿಗಳು ಹೆಚ್ಚು ಗಮನಿಸಬೇಕಾದ ಭಾಗ ಇದೇ ಎಂದು ನಮ್ಮ ಭಾವನೆ. ವಸ್ತುವಿನ ಬಳಿ ಇರಿಸುವ ಪರಿಚಯಚೀಟಿ ಬಹುತೇಕ ಕಡೆಗಳಲ್ಲಿ ಹೇಗಿರುತ್ತದೆ? 'ಕೇಶವ, ಸ್ಥಾನಕ, ಸಮಭಂಗ, ಹೊಯ್ಸಳ, ಕ್ರಿ.ಶ. 12ನೆಯ ಶತಮಾನ, ಬಳಪದ ಕಲ್ಲು' ಎಂಬ ಮಾದರಿಯಲ್ಲಿರುತ್ತದೆ. ಇದರಲ್ಲಿ ತಪ್ಪಾದ ಪದ ಒಂದೂ ಇಲ್ಲ. ಆದರೆ ಇದು ಪ್ರೇಕ್ಷಕನನ್ನು ಕುರಿತು ಆಡಿದ ಮಾತೇ ಅಲ್ಲ. ಸಂಗ್ರಹಾಲಯದ ದಾಖಲೆ ಪುಸ್ತಕದ ಒಂದು ಸಾಲನ್ನು ಎತ್ತಿ ಗೋಡೆಗೆ ಅಂಟಿಸಿದ್ದು. ದಾಖಲೆ ಪುಸ್ತಕಕ್ಕೆ ಅದರದೇ ಪ್ರಯೋಜನವುಂಟು; ಅಧಿಕಾರಿ ಅಧಿಕಾರಿಗೆ ಹೇಳುವ ಮಾತು ಅದು. ಸಮಭಂಗವೆಂಬುದನ್ನು ತಿಳಿದವನಿಗೆ ಆ ಚೀಟಿ ಬೇಕಿಲ್ಲ, ಏಕೆಂದರೆ ವಿಗ್ರಹವನ್ನು ಕಂಡೊಡನೆ ಅವನಿಗೆ ಅದು ತಿಳಿಯುತ್ತದೆ. ತಿಳಿಯದವನಿಗೆ ಆ ಚೀಟಿ ಏನನ್ನೂ ಕೊಡುವುದಿಲ್ಲ. ಹೀಗೆ ಯಾರಿಗೂ ಉಪಯೋಗವಾಗದ ಬರಹವನ್ನು ನಾವು ಪಾಂಡಿತ್ಯದ ಗುರುತೆಂದು ಕಾಪಾಡಿಕೊಂಡು ಬಂದಿದ್ದೇವೆ.

ಒಂದು ಉದಾಹರಣೆಯಿಂದ ಈ ಮಾತನ್ನು ವಿಶದಪಡಿಸಬಹುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದ ಶಾಸನವು ಇತಿಹಾಸದ ವಿದ್ಯಾರ್ಥಿಗಳಿಗೆ ಸುಪರಿಚಿತ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಕೂಡಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಗೆ ಅದು ಮುಖ್ಯ ಆಧಾರ. ಆದ್ದರಿಂದ ಅದನ್ನು ಕುರಿತ ಚರ್ಚೆಯೆಲ್ಲ ರಾಜಕೀಯ ಇತಿಹಾಸದ ಕಡೆಗೇ ಹರಿದಿದೆ. ಆದರೆ ಆ ಕಲ್ಲು ನಿಂತದ್ದು ರಾಜನಿಗಾಗಿ ಅಲ್ಲ, ಒಂದು ನಾಯಿಗಾಗಿ! ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನಿಗೆ ಬೂತುಗನು ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನೆಂದು ಶಾಸನ ಎಚ್ಚರಿಸುತ್ತದೆ. ನಾಯಿ ಹಂದಿಗಳ ಕಾಳಗವನ್ನು ಕಲ್ಲಿನಲ್ಲಿಯೇ ಕೆತ್ತಿದ್ದಾರೆ.

ಈ ಕಲ್ಲನ್ನು 'ಶಿಲಾಶಾಸನ, ಗಂಗ–ರಾಷ್ಟ್ರಕೂಟ, ಕ್ರಿ.ಶ. 949–50, ಹಳಗನ್ನಡ' ಎಂದು ಪರಿಚಯಿಸಿದರೆ ಎಂಟು ವರ್ಷದ ಬಾಲಕ ಅದರ ಮುಂದೆ ಅರೆಕ್ಷಣವೂ ನಿಲ್ಲುವುದಿಲ್ಲ. ಅದರ ಬದಲು ಹೀಗೆ ಬರೆದರೆ? 'ಈ ಕಲ್ಲು ಒಂದು ನಾಯಿಯ ನೆನಪಿಗೆ ನಿಂತದ್ದು. ಅದರ ಹೆಸರು ಕಾಳಿ. ಅದು ಕಾಡುಹಂದಿಯೊಡನೆ ಹೋರಾಡಿತು; ಎರಡೂ ಸತ್ತವು. ಕಲ್ಲಿನಲ್ಲಿ ಕಾಣುವ ಚಿತ್ರ ಆ ಕಾಳಗದ್ದು. ನಾಯಿಯ ಒಡೆಯ ಮಣಲೆರ. ಯುದ್ಧದಲ್ಲಿ ತೋರಿದ ಶೌರ್ಯಕ್ಕಾಗಿ ರಾಜನಿಂದ ಅವನು ಕೇಳಿ ಪಡೆದದ್ದು ಈ ನಾಯಿಯನ್ನೇ. ಇದು ನಡೆದು ಸಾವಿರ ವರ್ಷ ಕಳೆದಿದೆ. ಬರಹ ಅಂದಿನ ಕನ್ನಡ.' ಈ ಸಾಲುಗಳನ್ನು ಓದಬಲ್ಲ ಮಗು ಓದಲಾರದ ಅಜ್ಜಿಗೆ ಹೇಳೀತು. ಧ್ವನಿಯಂತ್ರದ ಮೂಲಕ ಕೇಳುವ ಅಂಧನಿಗೂ ಇದು ಒಂದೇ ಕೇಳಿಕೆಗೆ ತಿಳಿದೀತು. ಹುಟ್ಟಿನಿಂದ ಕಿವುಡರಾದ ಅನೇಕರಿಗೆ ಸಂಜ್ಞಾಭಾಷೆ ಮೊದಲ ಭಾಷೆ, ಬರಹದ ಕನ್ನಡ ಎರಡನೆಯದು. ಅವರಿಗೂ ಈ ಚಿಕ್ಕ ವಾಕ್ಯಗಳು ಒದಗುತ್ತವೆ. ಶಾಸನತಜ್ಞನಿಗೆ ಇದರಿಂದ ನಷ್ಟವೇನು? ಏನೂ ಇಲ್ಲ. ತಕ್ಕೋಲದ ಯುದ್ಧದ ವಿವರಕ್ಕೆ ಪಕ್ಕದಲ್ಲಿ ಇನ್ನೊಂದು ಫಲಕ, ಪಾಠದ ಚರ್ಚೆಗೆ ಪುಸ್ತಿಕೆ, ಎಲ್ಲಕ್ಕೂ ಜಾಗವಿದೆ.

ಇದು ಪಾಂಡಿತ್ಯವನ್ನು ಕೆಳಕ್ಕಿಳಿಸಿದಂತೆ ಎಂದು ಆಕ್ಷೇಪಿಸುವವರುಂಟು. ನಮಗೆ ಹಾಗೆ ತೋರುವುದಿಲ್ಲ. ದಾಖಲೆಯ ಸಾಲನ್ನು ನಕಲು ಮಾಡಲು ಗುಮಾಸ್ತೆ ಸಾಕು. ಮೇಲಿನ ಚೀಟಿಯನ್ನು ಬರೆಯಲು ಶಾಸನದ ಪಾಠವನ್ನು ಆದ್ಯಂತ ಓದಿರಬೇಕು, ಯಾವುದು ತಿರುಳು ಯಾವುದು ಪರಿಕರ ಎಂಬ ವಿವೇಚನೆ ಬೇಕು, ಕನ್ನಡದ ಮೇಲೆ ಹಿಡಿತವೂ ಬೇಕು. ತಿಳಿಯಾಗಿ ಹೇಳಲಾಗದ ವಿಷಯ ಹೇಳುವವನಿಗೇ ಇನ್ನೂ ತಿಳಿಯಾಗಿಲ್ಲವೆಂದು ಅನುಮಾನಿಸುವುದಕ್ಕೆ ಕಾರಣವಿದೆ. ಅಲ್ಲದೆ ಸರಳತೆಯ ಹೆಸರಿನಲ್ಲಿ ನಡೆಯುವ ಇನ್ನೊಂದು ಅನಾಹುತವನ್ನೂ ನಾವು ಒಪ್ಪುವವರಲ್ಲ. ಬಣ್ಣಬಣ್ಣದ ದೀಪ, ಗೊಂಬೆಗಳ ಮೆರವಣಿಗೆ, ಎಡೆಬಿಡದೆ ಮೊಳಗುವ ಸಂಗೀತ, ಇವುಗಳಿಂದ ವಸ್ತು ಹತ್ತಿರವಾಗುವುದಿಲ್ಲ; ಕಿವಿ ಮಂದವಾದವನಿಗೆ ಪಕ್ಕದವನ ಮಾತೂ ಕೇಳಿಸದಂತಾಗುತ್ತದೆ, ಅಷ್ಟೆ.

ಚೀಟಿಯ ಅಕ್ಷರದ ವಿಚಾರವೂ ಇದರೊಡನೆ ಹೊಂದಿಕೊಂಡದ್ದು. ಇಂಗ್ಲಿಷ್ ಸಾಲಿನ ಕೆಳಗೆ ಅದೇ ಅಳತೆಯಲ್ಲಿ ಕನ್ನಡವನ್ನು ಕೂಡಿಸುವುದು ನಮ್ಮಲ್ಲಿ ರೂಢಿ. ಆದರೆ ಕನ್ನಡ ಲಿಪಿಗೆ ಸಾಲಿನ ಕೆಳಗೂ ಜೀವವುಂಟು. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಇಳಿಯುತ್ತವೆ. ಪಕಾರ ಷಕಾರಗಳ ಅಂತರ ಒಂದು ಗೆರೆಯ ಮೇಲೆ ನಿಂತಿದೆ. ಇಂಗ್ಲಿಷಿಗೆ ಸಾಕಾದ ಅಳತೆ ಕನ್ನಡಕ್ಕೆ ಸಾಲದು. ಸಾಲುಗಳ ನಡುವಣ ತೆರಪೂ ಹೆಚ್ಚಾಗಬೇಕು. ಹೊಳೆಯುವ ಕರಿಗಲ್ಲಿನ ಮೇಲೆ ಚಿನ್ನದ ಬಣ್ಣದ ಅಕ್ಷರ ಕೊರೆಸುವ ವ್ಯಾಮೋಹ ಉದ್ಘಾಟನೆಯ ಶಿಲಾಫಲಕಗಳಿಗೆ ಮೀಸಲಾಗಿದ್ದರೆ ಕ್ಷೇಮ.

ಸ್ಪರ್ಶದ ಪ್ರಶ್ನೆ ಇವೆಲ್ಲಕ್ಕಿಂತ ಕಠಿನವಾದುದು. 'ಮುಟ್ಟಬಾರದು' ಎಂಬ ಎಚ್ಚರಿಕೆ ಕಣ್ಣುಳ್ಳವನಿಗೆ ಒಂದು ಶಿಸ್ತು. ಕಣ್ಣಿಲ್ಲದವನಿಗೆ ಅದು ಬಾಗಿಲು ಮುಚ್ಚಿದಂತೆಯೇ ಸರಿ. ಇಂಗ್ಲೆಂಡಿನ ಸಂಡರ್ಲೆಂಡ್ ನಗರದ ಸಂಗ್ರಹಾಲಯದಲ್ಲಿ ಚಾರ್ಲ್ಟನ್ ಡೀಸ್ ಎಂಬಾತ 1906ರಷ್ಟು ಹಿಂದೆಯೇ ಅಂಧಶಾಲೆಯ ಮಕ್ಕಳನ್ನು ಕರೆಸಿ ವಸ್ತುಗಳನ್ನು ಕೈಯಿಂದ ತಡವಿ ತಿಳಿಯುವ ಅವಕಾಶ ಕೊಟ್ಟನು. ಬಳಿಕ ವಯಸ್ಕರನ್ನೂ ಬರಮಾಡಿಕೊಂಡನು. ಶತಮಾನಕ್ಕೂ ಮಿಕ್ಕ ಈ ಪ್ರಯೋಗ ನಮ್ಮ ದೇಶವನ್ನು ಮುಟ್ಟಲು ಬಹುಕಾಲ ಹಿಡಿಯಿತು. ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ 2015ರಲ್ಲಿ 'ಅನುಭವ' ಎಂಬ ಸ್ಪರ್ಶಶಾಲೆಯನ್ನು ತೆರೆದು, ತನ್ನ ಸಂಗ್ರಹದ 22 ವಸ್ತುಗಳ ಪ್ರತಿಕೃತಿಗಳನ್ನು ಬ್ರೈಲ್ ಬರಹ ಮತ್ತು ಧ್ವನಿವಿವರಣೆಗಳೊಡನೆ ಅಲ್ಲಿ ಇರಿಸಿತು. ಇದು ಶ್ಲಾಘ್ಯವಾದ ಆರಂಭ. ಕೈಗೆ ದಕ್ಕದ ವಸ್ತುವನ್ನು ಕೈಗೆ ದಕ್ಕಿಸಿದ ಕೆಲಸ. ಆದರೂ ವಿಮರ್ಶಕನಿಗೆ ಒಂದು ಸಂದೇಹ ಉಳಿಯುತ್ತದೆ. ಸ್ಪರ್ಶವನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಟ್ಟಾಗ ಉಳಿದ ಅಂಗಣಗಳು ಅಂಧನಿಗೆ ಸೇರಿದವಲ್ಲವೆಂಬ ಅರ್ಥ ತಾನಾಗಿ ಹೊಮ್ಮುವುದಿಲ್ಲವೆ? ಕಣ್ಣುಳ್ಳ ಅಣ್ಣನೂ ಕಣ್ಣಿಲ್ಲದ ತಂಗಿಯೂ ಜೊತೆಯಾಗಿ ಬಂದರೆ ಅವರಿಬ್ಬರೂ ಒಂದೇ ವಿಗ್ರಹದ ಮುಂದೆ ನಿಲ್ಲುವಂತಿರಬೇಕು. ಪ್ರತಿಕೃತಿ ಮೂಲದ ಮಗ್ಗುಲಲ್ಲೇ ಇದ್ದರೆ ಅದು ಸಾಧ್ಯ.

ಎಲ್ಲವನ್ನೂ ಮುಟ್ಟಗೊಡಬೇಕೆಂದು ನಾವು ಹೇಳುತ್ತಿಲ್ಲ. ಬೆವರಿನ ಎಣ್ಣೆಯೂ ಉಪ್ಪೂ ಲೋಹವನ್ನು ಕೆಡಿಸುತ್ತವೆ; ತಾಳೆಗರಿ, ಬಟ್ಟೆ, ವರ್ಣಚಿತ್ರಗಳು ಕೈಗೆ ಬರುವಂಥವಲ್ಲ; ಮೆದುವಾದ ಬಳಪದ ಕಲ್ಲಿನ ನುಣುಪು ಸಾವಿರ ಕೈಗಳನ್ನು ತಾಳದು. ಆದರೆ ನಮ್ಮ ವೀರಗಲ್ಲುಗಳ ಗತಿ ಏನು? ಕಣಶಿಲೆಯಲ್ಲಿ ಕಡೆದ ಎಷ್ಟೋ ವೀರಗಲ್ಲುಗಳು ಊರ ಬಯಲಿನಲ್ಲಿ, ಕೆರೆಯ ಏರಿಯ ಮೇಲೆ ಏಳೆಂಟು ಶತಮಾನ ಮಳೆ ಬಿಸಿಲುಗಳನ್ನು ಸಹಿಸಿ ನಿಂತವು, ದನಗಳು ಮೈಯುಜ್ಜಿದವು, ಮಕ್ಕಳು ಹತ್ತಿ ಕುಳಿತರು. ಸಂಗ್ರಹಾಲಯದ ಅಂಗಳಕ್ಕೆ ಬಂದೊಡನೆ ಅವು ಅಂಧನ ಬೆರಳಿಗೆ ಕರಗಿ ಹೋದಾವೆಂದು ಹೆದರುವುದು ವಿವೇಕವಲ್ಲ. ಇಂಥ ಕಲ್ಲುಗಳಲ್ಲಿ ಕೆಲವನ್ನು ಆರಿಸಿ ಸ್ಪರ್ಶಕ್ಕೆ ಬಿಟ್ಟುಕೊಡಬಹುದು. ಅವನ್ನು ಓದುವ ಕ್ರಮವನ್ನೂ ಒಂದು ಮಾತಿನಲ್ಲಿ ತಿಳಿಸಬಹುದು. ಸಾಮಾನ್ಯವಾಗಿ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಅಡಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಕೈಯೂ ಹಾಗೆಯೇ ಕೆಳಗಿನಿಂದ ಮೇಲೇರುತ್ತದೆ. ಈ ಒಂದು ಸೂಚನೆ ದೊರೆತವನು, ಕಣ್ಣಿರಲಿ ಇಲ್ಲದಿರಲಿ, ತನ್ನ ಊರಿನ ವೀರಗಲ್ಲನ್ನು ತಾನೇ ಓದಬಲ್ಲನು. ಇನ್ನೊಂದು ಮಾತು: ಶಾಸನಗಳನ್ನು ಓದುವ ನಮ್ಮ ಮಂದಿ ಸವೆದ ಅಕ್ಷರವನ್ನು ಬೆರಳಿನಿಂದ ತಡವಿಯೇ ನಿರ್ಣಯಿಸುತ್ತಾರೆ; ಒದ್ದೆಯ ಕಾಗದವನ್ನು ಕಲ್ಲಿನ ಮೇಲೆ ಹಾಸಿ ಕುಂಚದಿಂದ ಬಡಿದು ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ವಿದ್ವಾಂಸನ ಬೆರಳಿಗೆ ಇರುವ ಅನುಮತಿ ಪ್ರೇಕ್ಷಕನ ಬೆರಳಿಗೆ ಏಕಿಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ.

ಹಂಪೆಯ ಬಳಿ ಕಮಲಾಪುರದ ಸಂಗ್ರಹಾಲಯದಲ್ಲಿ ವಿಜಯನಗರದ ನೆಲದ ಪ್ರಮಾಣಬದ್ಧ ಮಾದರಿಯೊಂದಿದೆ. ಬೆಟ್ಟ, ಹೊಳೆ, ಗುಡಿಗಳ ಸಂಬಂಧ ಹಂಪೆಯಲ್ಲಿ ದಿನವಿಡೀ ಅಲೆದವನಿಗೂ ತಿಳಿಯದಷ್ಟು ಸ್ಪಷ್ಟವಾಗಿ ಅಲ್ಲಿ ತಿಳಿಯುತ್ತದೆ. ಇಂಥ ಮಾದರಿಗಳು ಇದುವರೆಗೆ ಕಣ್ಣಿಗಾಗಿ ನಿರ್ಮಿತವಾದವು. ಕೈಗೆ ಎಟಕುವ ಅಳತೆಯ ಇನ್ನೊಂದನ್ನು ಕಂಚಿನಲ್ಲಿ ಎರಕ ಹೊಯ್ಸಿ ಪಕ್ಕದಲ್ಲಿ ಇರಿಸುವುದು ದೊಡ್ಡ ವೆಚ್ಚದ ಮಾತಲ್ಲ. ಬೆಟ್ಟ ಹತ್ತಲಾಗದ ವೃದ್ಧರಿಗೂ ಅದೇ ಹಂಪೆಯ ದರ್ಶನವಾದೀತು.

ಎಲ್ಲ ಪ್ರೇಕ್ಷಕರ ಅನುಕೂಲಗಳೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆಂದು ಹೇಳುವುದು ಸತ್ಯಕ್ಕೆ ಅಪಚಾರ. ಬೆಳಕಿನ ವಿಷಯವನ್ನೇ ನೋಡಿ. ಬಟ್ಟೆ, ಕಾಗದದ ಮೇಲಿನ ಚಿತ್ರಗಳಂಥ ಸೂಕ್ಷ್ಮ ವಸ್ತುಗಳಿಗೆ 50 ಲಕ್ಸ್‌ಗಿಂತ ಹೆಚ್ಚಿನ ಬೆಳಕು ಸಲ್ಲದೆಂದು ಗ್ಯಾರಿ ಥಾಮ್ಸನ್ 1978ರ ತನ್ನ ಗ್ರಂಥದಲ್ಲಿ ವಿಧಿಸಿದ ಮಿತಿ ಲೋಕದ ಸಂಗ್ರಹಾಲಯಗಳಿಗೆಲ್ಲ ನಿಯಮದಂತಾಯಿತು. ಮೈಸೂರು ಶೈಲಿಯ ಚಿತ್ರವೊಂದರಲ್ಲಿ ಉಬ್ಬಿಸಿ ಚಿನ್ನದ ರೇಕು ಹಚ್ಚಿದ ಕುಸುರಿ ಕೆಲಸ ಆ ಮಂದ ಬೆಳಕಿನಲ್ಲಿ ಮುಪ್ಪಿನ ಕಣ್ಣಿಗೆ ಕಾಣುವುದು ಕಷ್ಟ. ಚಿತ್ರವನ್ನು ಉಳಿಸಬೇಕೇ, ತೋರಿಸಬೇಕೇ? ಮುಂದಿನ ಪೀಳಿಗೆಯ ಪ್ರೇಕ್ಷಕನೂ ಪ್ರೇಕ್ಷಕನೇ ಆದುದರಿಂದ ಇಲ್ಲಿ ಸಂರಕ್ಷಕನ ಮಾತಿಗೆ ಮನ್ನಣೆ ಸಲ್ಲಬೇಕೆಂದು ನಮ್ಮ ಮತ. ಆದರೆ ಚೀಟಿಗೆ ಪ್ರತ್ಯೇಕ ಬೆಳಕು ಕೊಡಲು, ಕಣ್ಣು ಹೊಂದಿಕೊಳ್ಳುವಂತೆ ಮೊಗಸಾಲೆಯಿಂದಲೇ ಬೆಳಕನ್ನು ಮೆಲ್ಲಮೆಲ್ಲನೆ ಇಳಿಸಲು, ಚಿತ್ರದ ದೊಡ್ಡ ಪ್ರತಿಯನ್ನು ಹೊರಗಡೆ ಇರಿಸಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. ಎತ್ತರದ ವಿಷಯವೂ ಹೀಗೆಯೇ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮಾರ್ಗದರ್ಶಿಯು ಚಿಕ್ಕ ವಸ್ತುಗಳು ನೆಲದಿಂದ ಸುಮಾರು 40 ಅಂಗುಲಕ್ಕಿಂತ ಮೇಲಿರಬಾರದೆಂದು ಸೂಚಿಸುತ್ತದೆ. ಕುಳಿತವನಿಗೂ ಮಗುವಿಗೂ ಅದು ಸರಿ. ಎತ್ತರದ ಮನುಷ್ಯ ತುಸು ಬಾಗಬೇಕಾಗುತ್ತದೆ. ಬಾಗಬಲ್ಲವನು ಬಾಗುವುದು, ಏಳಲಾರದವನನ್ನು ಏಳೆನ್ನುವುದಕ್ಕಿಂತ ನ್ಯಾಯವಾದುದು.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 29ನೆಯ ಪ್ರಕರಣವು ಸಂಸ್ಕೃತಿ, ಕಲೆಗಳು ಅವರಿಗೆ ದೊರೆಯುವಂತೆ ಮಾಡುವುದನ್ನು ಸರ್ಕಾರದ ಹೊಣೆಯಾಗಿಸಿದೆ. ಸುಗಮ ಪ್ರವೇಶದ ಮಾನದಂಡಗಳು ಬರಿಯ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಅಂತರರಾಷ್ಟ್ರೀಯ ಸಂಗ್ರಹಾಲಯ ಪರಿಷತ್ತು 2022ರಲ್ಲಿ ಪ್ರಾಗ್ ನಗರದಲ್ಲಿ ಅಂಗೀಕರಿಸಿದ ಹೊಸ ಲಕ್ಷಣವಾಕ್ಯದಲ್ಲಿ ಎಲ್ಲರಿಗೂ ಒದಗುವಿಕೆ, ಎಲ್ಲರನ್ನೂ ಒಳಗೊಳ್ಳುವಿಕೆ ಸಂಗ್ರಹಾಲಯದ ಸ್ವರೂಪದಲ್ಲೇ ಸೇರಿವೆ. ಕಾನೂನು ಇಳಿಜಾರನ್ನು ಕಟ್ಟಿಸಬಲ್ಲುದು. ಒಳ್ಳೆಯ ಚೀಟಿಯನ್ನು ಬರೆಸಲಾರದು.

ಪ್ರೇಕ್ಷಕನಿಗೆ ನಾವು ಕೊಡುವುದನ್ನೇ ಇಷ್ಟು ಹೊತ್ತು ಹೇಳಿದೆವು. ಅವನಿಂದ ಪಡೆಯುವುದೂ ಉಂಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1968ರಲ್ಲಿ ಆರಂಭವಾದ ಜಾನಪದ ವಸ್ತುಸಂಗ್ರಹಾಲಯದಂಥ ಕಡೆ ಕೂರಿಗೆ, ಕುಂಟೆ, ಕೊಳಗ, ಬೀಸುವ ಕಲ್ಲುಗಳ ಮುಂದೆ ಹಳ್ಳಿಯ ಮುದುಕಿಯೊಬ್ಬಳು ನಿಂತಳೆಂದು ಭಾವಿಸೋಣ. ಅಲ್ಲಿ ನಿರಕ್ಷರಿ ಯಾರು? ಬೀಸುವ ಕಲ್ಲಿನ ಗೂಟ ಯಾವ ಮರದ್ದಾದರೆ ಬಾಳಿಕೆ ಬರುತ್ತದೆ, ರಾಗಿಗೆ ಕಲ್ಲನ್ನು ಹೇಗೆ ಮುಳ್ಳು ಹೊಯ್ಯಬೇಕು, ಬೀಸುವಾಗ ಹಾಡಿನ ಓಟ ಕೈಯ ಓಟಕ್ಕೆ ಹೇಗೆ ಕೂಡುತ್ತದೆ ಎಂಬುದೆಲ್ಲ ಆಕೆಗೆ ತಿಳಿದಿದೆ. ಚೀಟಿ ಬರೆದವನಿಗೆ ತಿಳಿದಿರಲಾರದು. ಅಂಥವರ ಮಾತನ್ನು ಕೇಳಿ ಧ್ವನಿಮುದ್ರಿಸಿ ವಸ್ತುವಿನ ಬಳಿ ಕೇಳಿಸುವಂತೆ ಮಾಡಿದರೆ, ಓದಲಾರದವರಿಗೂ ಕಾಣಲಾರದವರಿಗೂ ವಿವರಣೆ ದೊರೆಯುತ್ತದೆ, ಸಂಶೋಧಕನಿಗೂ ಹೊಸ ಸಾಮಗ್ರಿ ದೊರೆಯುತ್ತದೆ. ಆ ತಲೆಮಾರು ಕಣ್ಮರೆಯಾಗುತ್ತಿರುವುದರಿಂದ ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ.

ಪ್ರಸಂಗವಶಾತ್ ಇನ್ನೊಂದು ಸಂಗತಿ. ಸಂಗ್ರಹಾಲಯದ ವಿಗ್ರಹಗಳ ಮುಂದೆ ಕೈಮುಗಿಯುವವರನ್ನೂ, ಪಾದದ ಬಳಿ ಕಾಸು ಇಡುವವರನ್ನೂ ಕಂಡು ವಿದ್ಯಾವಂತರು ಮುಗುಳ್ನಗುವುದುಂಟು. ನಗಬೇಕಾದದ್ದೇನಿದೆ? ಆ ಶಿಲ್ಪಿ ಕಡೆದದ್ದು ಕೈಮುಗಿಯಲೆಂದೇ ಹೊರತು ನಾವು ಶತಮಾನ ನಿರ್ಣಯ ಮಾಡಲೆಂದಲ್ಲ. ಎಲ್ಲ ಪ್ರೇಕ್ಷಕರೆಂದಾಗ ಭಕ್ತನನ್ನು ಹೊರಗಿಡಲಾಗದು. ಇಷ್ಟೆ, ಎಣ್ಣೆ ಕುಂಕುಮಗಳಿಂದ ಕಲ್ಲಿಗೆ ಹಾನಿಯೆಂದು ಆತನಿಗೆ ಗೌರವದಿಂದ ತಿಳಿಸಬೇಕು.

ವಿಜ್ಞಾನ ಸಂಗ್ರಹಾಲಯಗಳು ಈ ದಾರಿಯಲ್ಲಿ ಕಲಾಸಂಗ್ರಹಾಲಯಗಳಿಗಿಂತ ಮುಂದಿವೆಯೆಂಬುದನ್ನು ಒಪ್ಪಬೇಕು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು 1965ರಲ್ಲಿ ವಿದ್ಯುತ್ತನ್ನು ಕುರಿತ ಮೊದಲ ಅಂಗಣವನ್ನು ಸಾರ್ವಜನಿಕರಿಗೆ ತೆರೆಯಿತು. ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ಕಲಿಯುವುದು ಇಂಥ ಸಂಗ್ರಹಾಲಯಗಳ ಪದ್ಧತಿ. ಬರಲಾಗದವರ ಬಳಿಗೆ ಪ್ರದರ್ಶನವನ್ನೇ ಬಸ್ಸಿನಲ್ಲಿ ಕೊಂಡೊಯ್ಯುವ ಕ್ರಮವನ್ನೂ ನಮ್ಮ ದೇಶದಲ್ಲಿ ರೂಢಿಗೆ ತಂದವು ವಿಜ್ಞಾನ ಸಂಗ್ರಹಾಲಯಗಳೇ. ಶಿಲ್ಪ ಶಾಸನಗಳ ಪ್ರತಿಕೃತಿಗಳನ್ನು ಹೊತ್ತ ಅಂಥದೊಂದು ಬಸ್ಸು ಹಳ್ಳಿಯ ಶಾಲೆಯ ಮುಂದೆ ಏಕೆ ನಿಲ್ಲಬಾರದು?

ನಮ್ಮ ವಿಶ್ವವಿದ್ಯಾನಿಲಯಗಳ ಇತಿಹಾಸ, ಪುರಾತತ್ತ್ವ, ಕನ್ನಡ ವಿಭಾಗಗಳಲ್ಲಿ ಚಿಕ್ಕ ದೊಡ್ಡ ಸಂಗ್ರಹಗಳುಂಟು. ಕೆಲವು ಕಾಲೇಜುಗಳಲ್ಲಿಯೂ ಉಂಟು. ಸುಧಾರಣೆಯ ಪ್ರಯೋಗಕ್ಕೆ ಅವುಗಳಿಗಿಂತ ಒಳ್ಳೆಯ ಸ್ಥಳವಿಲ್ಲ. ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗೆ ಶಾಸನವೊಂದನ್ನು ಕೊಟ್ಟು ಇಪ್ಪತ್ತು ಪುಟದ ಪ್ರಬಂಧ ಬರೆಸುತ್ತೇವೆ. ಅದೇ ಶಾಸನಕ್ಕೆ ನಲವತ್ತು ಪದಗಳ ಚೀಟಿಯನ್ನೂ ಬರೆಸಬೇಕು. ಅದನ್ನು ಏಳನೆಯ ತರಗತಿಯ ಬಾಲಕಿಗೆ ಓದಿಸಿ, ವಿಭಾಗದ ಜವಾನನಿಗೆ ಓದಿ ಹೇಳಿ, ಅಂಧ ವಿದ್ಯಾರ್ಥಿಯೊಬ್ಬನಿಗೆ ಕಲ್ಲನ್ನು ಮುಟ್ಟಿಸುತ್ತಾ ವಿವರಿಸಿ, ಅವರು ಕೇಳಿದ ಪ್ರಶ್ನೆಗಳಿಗನುಸಾರವಾಗಿ ತಿದ್ದಬೇಕು. ಇಪ್ಪತ್ತು ಪುಟಗಳಿಗಿಂತ ಈ ನಲವತ್ತು ಪದಗಳೇ ಹೆಚ್ಚಿನ ಬೆವರಿಳಿಸುತ್ತವೆಂದು ಅಧ್ಯಾಪಕರಿಗೆ ಬೇಗನೆ ತಿಳಿದೀತು. ಅಂಥ ಚೀಟಿಗೂ ಅಂಕಗಳಿರಲಿ.

ಮೇಲೆ ಹೇಳಿದ ಅಧಿನಿಯಮದ ಅದೇ 29ನೆಯ ಪ್ರಕರಣವು ಅಂಗವಿಕಲರ ಬದುಕಿನ ಇತಿಹಾಸವನ್ನೇ ನಿರೂಪಿಸುವ ಸಂಗ್ರಹಾಲಯವೊಂದರ ಸ್ಥಾಪನೆಯನ್ನೂ ಹೆಸರಿಸುತ್ತದೆ. ಕನ್ನಡ ನಾಡಿನಲ್ಲಿ ಅದಕ್ಕೆ ಸಾಮಗ್ರಿಯನ್ನು ದೂರ ಹುಡುಕಬೇಕಿಲ್ಲ. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ಬಳಿಕ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳೂ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದ ಪರಂಪರೆ ಒಂದು ಅಂಗಣವನ್ನು ತುಂಬುವಷ್ಟು ಸಮೃದ್ಧವಾಗಿದೆ. ಆ ಆಶ್ರಮದಿಂದ ಸುಮಾರು 12 ಕಿಲೋಮೀಟರು ದೂರದಲ್ಲಿ ಲಕ್ಕುಂಡಿ ಇದೆ. ಕಲ್ಯಾಣದ ಚಾಳುಕ್ಯರ ಕಾಲದ ಗುಡಿಗಳೂ ಶಿಲ್ಪಗಳ ಒಂದು ಸಂಗ್ರಹಾಲಯವೂ ಅಲ್ಲುಂಟು. ಅಲ್ಲಿನ ತಿರುಗಣೆಯಲ್ಲಿ ಕಡೆದ ಕಂಬಗಳ ಬಳೆಗಳು ಎಷ್ಟು ನುಣುಪಾಗಿವೆ, ಒಂದು ಬಳೆಯಿಂದ ಮುಂದಿನ ಬಳೆಗೆ ಕಲ್ಲು ಎಷ್ಟು ತೆಳುವಾಗಿ ಇಳಿದಿದೆ ಎಂಬುದನ್ನು ತಿಳಿಯಲು ಕಣ್ಣಿಗಿಂತ ಅಂಗೈ ಮೇಲು. ತಬಲೆಯ ಮೇಲೆ ಬೆರಳು ಪಳಗಿದ ಗದಗಿನ ವಿದ್ಯಾರ್ಥಿಗಳಿಗೆ ಅಲ್ಲಿ ಒಂದು ಬಿದ್ದ ಕಂಬದ ತುಂಡನ್ನಾದರೂ ವಿಧಿವತ್ತಾಗಿ ಬಿಟ್ಟುಕೊಟ್ಟು, ಅವರು ಅದನ್ನು ಹೇಗೆ ವರ್ಣಿಸುತ್ತಾರೆಂದು ಬರೆದಿಟ್ಟುಕೊಳ್ಳುವ ಕೆಲಸವನ್ನು ನಮ್ಮ ಯಾವುದಾದರೊಂದು ವಿಭಾಗ ಈ ವರ್ಷವೇ ಕೈಗೊಳ್ಳಬಹುದು.